58 ಸಿಸಿ ಆಸೆ ಬಿಡಿ: ಚೈನ್ ಸಾ ಕೊಳ್ಳುವ ಮೊದಲು ಇಷ್ಟು ನೋಡಿ

ಮಳೆಗಾಲ ಹತ್ರ ಬಂತು ಅಂದ್ರೆ ನನ್ನ ಫೋನಿಗೆ ಒಂದೇ ಥರದ ಮೆಸೇಜ್ ಬರೋಕೆ ಶುರು. "ಅಣ್ಣಾ, ಆನ್‌ಲೈನಲ್ಲಿ 58 ಸಿಸಿ ಚೈನ್ ಸಾ ಏಳು ಸಾವಿರಕ್ಕಿದೆ, 22 ಇಂಚು ಬಾರ್, ತಗೊಳ್ಳಲಾ?" ಜೊತೆಗೆ ಒಂದು ರೀಲ್. ಯಾರೋ ಚಪ್ಪಲಿ ಹಾಕ್ಕೊಂಡು, ಒಂದೇ ಕೈಯಲ್ಲಿ ಮಷೀನ್ ಹಿಡಿದು, ದಿಮ್ಮಿನ ಸೌತೆಕಾಯಿ ಥರ ಹೆಚ್ತಾ ಇರ್ತಾನೆ.

ನನ್ನ ಉತ್ತರ ಪ್ರತಿ ಸಲ ಒಂದೇ: ಬೇಡ. ಯಾಕೆ ಬೇಡ ಅಂತ ಫೋನಲ್ಲಿ ಹೇಳಿ ಸಾಕಾಗಿದೆ. ಈ ವಾರ ಬರೆದೇ ಬಿಡ್ತೀನಿ.

ಕೊಪ್ಪದ ಕಡೆ ನಮ್ಮದು ನಾಲ್ಕು ಎಕರೆ ಅಡಿಕೆ, ಮೂರು ಎಕರೆ ಕಾಫಿ. ಪೂರ್ತಿ ಸಾವಯವ. ಸಾವಯವದವನಿಗೆ ಮರ ಕುಯ್ಯೋ ಮಷೀನ್ ಯಾಕೆ ಅಂತ ಕೇಳೋರಿದ್ದಾರೆ. ನಮಗೇ ಹೆಚ್ಚು ಬೇಕು. ಮರಗಸಿ ಆಗಬೇಕು, ಗ್ಲಿರಿಸಿಡಿಯಾ ಸವರಿ ಮುಚ್ಚಿಗೆ ಹಾಕಬೇಕು, ಅಡಿಕೆ ಬೇಯಿಸೋ ಒಲೆಗೆ ಸೌದೆ ಬೇಕು, ಗಾಳಿಮಳೆಗೆ ಬೇಲಿ ಮೇಲೆ ಬಿದ್ದ ಸಿಲ್ವರ್ ತೆಗೀಬೇಕು. ಕೊಡಲಿ ಹಿಡಿಯೋ ಆಳು ಈಗ ಸಿಗಲ್ಲ. ಹಾಗಾಗಿ ಮಷೀನ್ ಬೇಕೋ ಬೇಡವೋ ಅನ್ನೋದರಲ್ಲಿ ತಕರಾರಿಲ್ಲ. ಯಾವುದು, ಯಾರ ಹತ್ರ, ತಂದ ಮೇಲೆ ಏನು ಅನ್ನೋದರಲ್ಲಿ ಮಾತ್ರ ನಾವು ಹುಡುಗರು ಎಡವುತ್ತಿದ್ದೇವೆ. ನಾನೂ ಎಡವಿದವನೇ.

ನನ್ನ ಮೊದಲ ಮಷೀನ್

ತೋಟಗಾರಿಕೆ ಓದಿ ಊರಿಗೆ ಬಂದ ಎರಡನೇ ವರ್ಷ ನಾನೂ ಅದೇ 58 ಸಿಸಿ ತರಿಸಿದ್ದೆ. ಬಾಕ್ಸ್ ಮೇಲಿನ ಹೆಸರು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಪೆಟ್ರೋಲ್, ಆಯಿಲ್ ತುಂಬಿ ಬಾರ್ ಸಮೇತ ಅಡಿಕೆ ತೂಗೋ ಕಾಟಾದ ಮೇಲಿಟ್ಟಾಗ ಏಳೂವರೆ ಕೆಜಿ ಇತ್ತು. ಇಳಿಜಾರು ತೋಟದಲ್ಲಿ ಅದನ್ನ ಹಿಡಿದು ಅರ್ಧ ದಿನ ಕೆಲಸ ಮಾಡಿದರೆ ಸಂಜೆ ಊಟದ ತಟ್ಟೆ ಹಿಡಿಯೋಕೆ ಕೈ ನಡುಗ್ತಿತ್ತು.

ನಾಲ್ಕನೇ ತಿಂಗಳಿಗೆ ಪಕ್ಕದ ಮನೆಯವರು ಒಂದು ದಿನಕ್ಕೆ ಕೇಳಿದರು, ಕೊಟ್ಟೆ. ಪೆಟ್ರೋಲ್ ಖಾಲಿಯಾದಾಗ ಬೈಕಿಂದ ತೆಗೆದು ಹಾಗೇ ಹಾಕಿದ್ದಾರೆ, 2ಟಿ ಆಯಿಲ್ ಬೆರೆಸಿಲ್ಲ. ಪಿಸ್ಟನ್ ಹಿಡಿದುಕೊಂಡಿತು. ಅವರದ್ದು ತಪ್ಪಲ್ಲ, ಹೇಳದೆ ಕೊಟ್ಟಿದ್ದು ನಂದೇ ತಪ್ಪು. ಪೇಟೆಯ ಮೆಕ್ಯಾನಿಕ್ ಹತ್ರ ಒಯ್ದರೆ ಅವರು ಬಿಚ್ಚಿ ನೋಡಿ ನಕ್ಕರು. "ಮಾರಾಯ, ಇದರ ಮೇಲೆ 58 ಅಂತಿದೆ, ಒಳಗಿರೋದು 52. ಪಿಸ್ಟನ್ ಯಾವ ಸೈಜ್ ತರಿಸಲಿ ಹೇಳು?" ನನ್ನ ಹತ್ರ ಉತ್ತರ ಇರಲಿಲ್ಲ. ಅದು ಗುಜರಿಗೆ ಹೋಯ್ತು.

ಮೊದಲು ಕೆಲಸ ನೋಡಿ, ಆಮೇಲೆ ಸಿಸಿ

ಒಂದು ವರ್ಷ ನಾನು ಲೆಕ್ಕ ಬರೆದಿಟ್ಟೆ. ಮಷೀನ್ ಓಡಿದ್ದು 23 ದಿನ. ಅದರಲ್ಲಿ ಒಂದೂವರೆ ಅಡಿಗಿಂತ ದಪ್ಪದ ಮರಕ್ಕೆ ಬಾರ್ ಇಟ್ಟಿದ್ದು ಎರಡೇ ದಿನ. ಉಳಿದಿದ್ದೆಲ್ಲ ಕೊಂಬೆ, ಒಣಗಿದ ಅಡಿಕೆ ಮರ, ಸೌದೆ. ನಿಮ್ಮದೂ ಹೆಚ್ಚುಕಮ್ಮಿ ಹೀಗೇ ಇರುತ್ತೆ, ಬರೆದು ನೋಡಿ.

ಇಂಥ ಕೆಲಸಕ್ಕೆ 30ರಿಂದ 45 ಸಿಸಿ, 14 ಅಥವಾ 16 ಇಂಚಿನ ಬಾರ್ ಬೇಕಾದಷ್ಟಾಯ್ತು. ಸ್ಟಿಲ್, ಹಸ್ಕ್‌ವರ್ನಾದಂಥ ಹಳೇ ಕಂಪನಿಗಳ ಸಣ್ಣ ಮಷೀನ್‌ಗಳೆಲ್ಲ ಇದೇ ಅಳತೆಯವು. ಬಾರ್ ಉದ್ದ ಆದಷ್ಟೂ ತುದಿ ಎಲ್ಲಿ ತಾಗ್ತಿದೆ ಅಂತ ಕಣ್ಣಿಗೆ ಕಾಣಲ್ಲ. ಚೈನ್ ಸಾದಲ್ಲಿ ಆಗೋ ಕೆಟ್ಟ ಅಪಘಾತಗಳಲ್ಲಿ ಹಲವು ಶುರುವಾಗೋದೇ ಆ ತುದಿಯಿಂದ. ಆ ಎರಡು ದಿನದ ದೊಡ್ಡ ಮರಕ್ಕೆ, ಅದೇ ಕಸುಬು ಮಾಡೋರನ್ನ ಕೂಲಿ ಕೊಟ್ಟು ಕರೆಸಿ. ಎರಡು ದಿನದ ಕೆಲಸಕ್ಕೋಸ್ಕರ ವರ್ಷವೆಲ್ಲ ಭಾರ ಹೊರೋದು ಬುದ್ಧಿವಂತಿಕೆ ಅಲ್ಲ.

ಬರೀ ಕೊಂಬೆ ಸವರೋ ಕೆಲಸವಾದರೆ ಬ್ಯಾಟರಿ ಮಷೀನೂ ಆಗುತ್ತೆ. ಮಿಶ್ರಣದ ತಲೆನೋವಿಲ್ಲ, ಸದ್ದು ಕಮ್ಮಿ. ಆದರೆ ಬ್ಯಾಟರಿಯೇ ಅದರ ಜೀವ. ಎರಡನೇ ಬ್ಯಾಟರಿಯ ಬೆಲೆ ಕೇಳದೆ ಕೊಳ್ಳಬೇಡಿ. ಅಂಗೈ ಅಗಲದ ಆಟಿಕೆ ಥರದ್ದು ಬರುತ್ತಲ್ಲ, ಒಂದೇ ಕೈಯಲ್ಲಿ ಹಿಡಿಯೋದು, ಅದನ್ನೂ ಆಟಿಕೆ ಅಂದ್ಕೋಬೇಡಿ. ಇನ್ನೊಂದು ಕೈ ಕೊಂಬೆ ಹಿಡಿಯೋಕೆ ಹೋಗುತ್ತೆ, ಬೆರಳು ಹೋಗೋದು ಹಾಗೇ.

ಹೊಸದಾದರೆ ಅಂಗಡಿ ನೋಡಿ ಕೊಳ್ಳಿ

ಹೊಸದಕ್ಕೆ ನನ್ನ ನಿಯಮ ಒಂದೇ: ನಿಮ್ಮೂರಿಂದ ಬಸ್ಸಲ್ಲಿ ಹೋಗಿ ಸಂಜೆಯೊಳಗೆ ವಾಪಸ್ ಬರೋ ದೂರದಲ್ಲಿ ಅದರ ಬಿಡಿಭಾಗ ಸಿಗಬೇಕು. ಅಂಗಡಿಯಲ್ಲಿ ಮಷೀನ್ ಬೆಲೆ ಕೇಳೋ ಮೊದಲು ಇದನ್ನ ಕೇಳಿ: "ಚೈನ್, ಸ್ಪ್ರಾಕೆಟ್, ಕ್ಲಚ್, ಕಾರ್ಬುರೇಟರ್ ಕಿಟ್, ಸ್ಟಾರ್ಟರ್ ಸ್ಪ್ರಿಂಗ್ ಈಗ ಸ್ಟಾಕ್ ಇದೆಯಾ? ತೋರಿಸ್ತೀರಾ?" ತೋರಿಸಿದರೆ ಅರ್ಧ ನಂಬಿಕೆ ಬಂತು. "ಹೇಳಿದರೆ ತರಿಸಿ ಕೊಡ್ತೀವಿ" ಅಂದರೆ ಯೋಚನೆ ಮಾಡಿ. ಮಳೆಗಾಲದಲ್ಲಿ ರಸ್ತೆಗೆ ಮರ ಅಡ್ಡ ಬಿದ್ದ ದಿನ "ತರಿಸಿ ಕೊಡೋದು" ಉಪಯೋಗಕ್ಕೆ ಬರಲ್ಲ.

ಹೆಸರಾಂತ ಕಂಪನಿಗಳ ನಕಲಿ ಮಷೀನ್‌ಗಳೂ ಸಂತೆಯಲ್ಲಿ, ಆನ್‌ಲೈನಲ್ಲಿ ಓಡಾಡ್ತಿವೆ. ಬಣ್ಣ, ಆಕಾರ, ಅಕ್ಷರ ಎಲ್ಲ ಅದೇ. ಬೆಲೆ ಅರ್ಧಕ್ಕಿಂತ ಕಮ್ಮಿ ಇದ್ದರೆ ಅಲ್ಲೇ ಅನುಮಾನ ಪಡಿ. ಸೀರಿಯಲ್ ನಂಬರ್ ಬಾಡಿ ಮೇಲೂ ಇರಬೇಕು, ಬಿಲ್ಲಲ್ಲೂ ಇರಬೇಕು, ಎರಡೂ ಒಂದೇ ಆಗಿರಬೇಕು. ಸಬ್ಸಿಡಿ ಪಟ್ಟಿ ವರ್ಷ ವರ್ಷ ಬದಲಾಗುತ್ತೆ, ಹಾಗಾಗಿ ದುಡ್ಡು ಕೊಡೋ ಮೊದಲೇ ರೈತ ಸಂಪರ್ಕ ಕೇಂದ್ರಕ್ಕೂ ತೋಟಗಾರಿಕೆ ಇಲಾಖೆಗೂ ಹೋಗಿ ಕೇಳಿ. ಕೊಂಡ ಮೇಲೆ ಕೇಳಿದರೆ ಪ್ರಯೋಜನ ಇಲ್ಲ.

ಸೆಕೆಂಡ್ ಹ್ಯಾಂಡ್: ನನ್ನ ಮತ ಇದಕ್ಕೇ, ಆದರೆ...

ಗೊತ್ತಿಲ್ಲದ ಹೆಸರಿನ ಹೊಸದಕ್ಕಿಂತ, ಗೊತ್ತಿರೋ ಕಂಪನಿಯ ಹಳೇದು ವಾಸಿ. ಇದು ನನ್ನ ಗಟ್ಟಿ ಅಭಿಪ್ರಾಯ. ಒಳ್ಳೆ ಮಷೀನ್‌ನ ಪಿಸ್ಟನ್, ಸಿಲಿಂಡರ್ ಚೆನ್ನಾಗಿದ್ದರೆ ಉಳಿದಿದ್ದೆಲ್ಲ ಬದಲಾಯಿಸಬಹುದು. ಆದರೆ ನೋಡಿ ಕೊಳ್ಳಬೇಕು. ಹೇಗೆ ನೋಡಬೇಕು ಅಂತ ಹೇಳೋ ಮೊದಲು, ನೋಡದೆ ಇದ್ದದ್ದಕ್ಕೆ ನಾನು ಕಟ್ಟಿದ ಬೆಲೆ ಹೇಳ್ತೀನಿ.

ಎರಡನೇ ಮಷೀನನ್ನ 9,500 ರೂಪಾಯಿಗೆ ಪರಿಚಯದವರಿಂದ ಹಳೇದು ತಂದೆ. 45 ಸಿಸಿ, ಒಳ್ಳೆ ಎಂಜಿನ್. ಚೈನ್ ಬ್ರೇಕ್ ಮಾತ್ರ ಹಿಡೀತಿರಲಿಲ್ಲ. ಮುಂದಿನ ಹಿಡಿಕೆಯ ಎದುರಿಗೆ ಕೈಗೆ ಕಾವಲಿರುತ್ತಲ್ಲ, ಅದನ್ನ ಮುಂದಕ್ಕೆ ತಳ್ಳಿದರೆ ಚೈನ್ ತಟ್ಟನೆ ನಿಲ್ಲಬೇಕು. ಒಳಗಿನ ಪಟ್ಟಿಯನ್ನೇ ಯಾರೋ ತೆಗೆದುಬಿಟ್ಟಿದ್ದರು. ಗೊತ್ತಾಯ್ತು. "ಪೇಟೆಗೆ ಹೋದಾಗ ಹಾಕಿಸ್ತೀನಿ" ಅಂದ್ಕೊಂಡೆ. ಮೂರು ಸಲ ಪೇಟೆಗೆ ಹೋದೆ, ಮೂರು ಸಲವೂ ಬೇರೆ ಕೆಲಸ.

ಆ ಜುಲೈಯಲ್ಲಿ ಬಿದ್ದ ಸಿಲ್ವರ್ ತೆಗೀತಿದ್ದಾಗ ಮಷೀನ್ ಹಿಡಿದಿದ್ದು ನನ್ನ ಚಿಕ್ಕಪ್ಪನ ಮಗ. ಸೊಪ್ಪಿನೊಳಗೆ ಅಡಗಿದ್ದ ಕೊಂಬೆಗೆ ಬಾರಿನ ಮೂತಿಯ ಮೇಲ್ಭಾಗ ತಾಗಿತು. ಕಣ್ಣು ಮಿಟುಕಿಸೋದರೊಳಗೆ ಮಷೀನ್ ಮೇಲಕ್ಕೆ, ಹಿಂದಕ್ಕೆ ಒದೆಯಿತು. ಎಡಭುಜಕ್ಕೆ 14 ಹೊಲಿಗೆ. ಆ ವರ್ಷದ ಕೊಯ್ಲಿಗೆ ಅವನಿಗೆ ದೋಟಿ ಎತ್ತಕ್ಕಾಗಲಿಲ್ಲ. ಅವನು ಇವತ್ತಿಗೂ ನನ್ನ ಒಂದು ಮಾತು ಬೈದಿಲ್ಲ. ಚಿಕ್ಕಮ್ಮ ಮಾತ್ರ ಒಂದು ಸಲ ಕೇಳಿದರು, "ಅದು ಕೆಟ್ಟಿದೆ ಅಂತ ನಿಂಗೆ ಗೊತ್ತಿತ್ತೇನೋ?" ಗೊತ್ತಿತ್ತು ಅಂದೆ. ಆ ಪಟ್ಟಿ ಹಾಕಿಸೋಕೆ ಆಮೇಲೆ ಖರ್ಚಾಗಿದ್ದು ಸಾವಿರ ರೂಪಾಯಿಯೊಳಗೆ.

ಅದಕ್ಕೇ ಹಳೇ ಮಷೀನ್ ನೋಡೋಕೆ ಹೋದಾಗ ಇದನ್ನ ಇದೇ ಸಾಲಿನಲ್ಲಿ ಮಾಡಿ:

1. ಸೈಲೆನ್ಸರ್ ಹತ್ರ ಕೈ ಒಯ್ದು ನೋಡಿ. ಬಿಸಿ ಇದ್ದರೆ ನೀವು ಬರೋ ಮೊದಲೇ ಅವರು ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ. ತಣ್ಣಗಿನ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತೆ ಅನ್ನೋದೇ ನಿಮಗೆ ಬೇಕಾದ ಪರೀಕ್ಷೆ. ತಣಿಯೋವರೆಗೆ ಕಾಯಿರಿ.

2. ಸ್ವಿಚ್ ಆಫ್ ಇಟ್ಟು ಸ್ಟಾರ್ಟರ್ ಹಗ್ಗ ನಿಧಾನ ಎಳೆಯಿರಿ. ಎಳೆತ ಒಂದು ಕಡೆ ಗಟ್ಟಿಯಾಗಿ ತಡೀಬೇಕು. ಸಲೀಸಾಗಿ ಬಂದರೆ ಕಂಪ್ರೆಷನ್ ಹೋಗಿದೆ. ಮೆಕ್ಯಾನಿಕ್ ಹತ್ರ ಗೇಜ್ ಇದ್ದರೆ ಹಾಕಿಸಿ, 100 ಪಿಎಸ್‌ಐಗಿಂತ ಕೆಳಗಿದ್ದರೆ ಬಿಟ್ಟು ಬನ್ನಿ.

3. ಸೈಲೆನ್ಸರ್ ಬಿಚ್ಚಿಸಿ. ಹೆಚ್ಚಿನ ಮಷೀನ್‌ಗಳಲ್ಲಿ ಎರಡು ಮೂರು ಸ್ಕ್ರೂ ಅಷ್ಟೆ. ಆ ಕಿಂಡಿಯಲ್ಲಿ ಟಾರ್ಚ್ ಬಿಟ್ಟರೆ ಪಿಸ್ಟನ್ ಕಾಣುತ್ತೆ. ನುಣ್ಣಗಿರಬೇಕು. ಮೇಲಿಂದ ಕೆಳಗೆ ಉದ್ದುದ್ದ ಗೀರು ಕಂಡರೆ ಅದು ಆಯಿಲ್ ಇಲ್ಲದೆ ಓಡಿದ ಮಷೀನ್. ಬಿಚ್ಚೋಕೆ ಬಿಡಲ್ಲ ಅಂದರೆ, ವ್ಯಾಪಾರ ಅಲ್ಲಿಗೇ ಮುಗೀತು.

4. ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಬಿಡಿ. ಎಂಜಿನ್ ನಿಲ್ಲದೆ ಓಡಬೇಕು, ಚೈನ್ ಮಾತ್ರ ತಿರುಗಬಾರದು. ತಿರುಗಿದರೆ ಐಡಲ್ ಜಾಸ್ತಿ ಇದೆ, ಇಲ್ಲ ಕ್ಲಚ್ ಸ್ಪ್ರಿಂಗ್ ಹೋಗಿದೆ.

5. ಚೈನ್ ತಿರುಗ್ತಿರೋವಾಗ ಬ್ರೇಕ್ ಹಾಕಿ. ತಕ್ಷಣ ನಿಲ್ಲಬೇಕು. ಇಲ್ಲವಾದರೆ ಸರಿ ಮಾಡಿಸೋವರೆಗೆ ಒಂದು ಕಡ್ಡಿಯನ್ನೂ ಕುಯ್ಯಬೇಡಿ. ನನ್ನ ಕಥೆ ನೆನಪಿಡಿ.

6. ಬಾರಿನ ಮೂತಿಯನ್ನ ರಟ್ಟಿನ ಹತ್ರ ಹಿಡಿದು, ತಾಗಿಸದೆ, ಆಕ್ಸಿಲರೇಟರ್ ಕೊಡಿ. ರಟ್ಟಿನ ಮೇಲೆ ಆಯಿಲ್ ಗೆರೆ ಬೀಳಬೇಕು. ಬೀಳದಿದ್ದರೆ ಆಯಿಲ್ ಪಂಪ್ ಅಥವಾ ದಾರಿ ಕಟ್ಟಿದೆ.

7. ಪಕ್ಕದ ಮುಚ್ಚಳ ತೆಗೆದು ಸ್ಪ್ರಾಕೆಟ್ ನೋಡಿ. ಉಗುರು ಸಿಕ್ಕಿಕೊಳ್ಳೋಷ್ಟು ಗುಂಡಿ ಬಿದ್ದಿದ್ದರೆ ಬದಲಾಯಿಸಬೇಕು. ಚೈನ್, ಬಾರ್, ಸ್ಪ್ರಾಕೆಟ್ ಸವೆದಿರೋದು ದೊಡ್ಡ ದೋಷ ಅಲ್ಲ, ಆದರೆ ಆ ದುಡ್ಡನ್ನ ಬೆಲೆಯಲ್ಲಿ ಕಳೆಯಿರಿ.

ಕೊನೆಗೆ ಹಳೇ ಬಿಲ್ ಕೇಳಿ. ಬಿಲ್ ಇಲ್ಲ ಅಂದರೆ ಮಾರುವವರ ಸಹಿ, ಸೀರಿಯಲ್ ನಂಬರ್ ಇರೋ ಒಂದು ಚೀಟಿಯನ್ನಾದರೂ ಬರೆಸಿಕೊಳ್ಳಿ. ಕದ್ದ ಮಾಲು ನಿಮ್ಮ ಮನೆಗೆ ಬರೋದು ಬೇಡ.

ಪೆಟ್ರೋಲ್, 2ಟಿ, ಮತ್ತು ಬಾರ್ ಆಯಿಲ್

ಇದು ಟೂ ಸ್ಟ್ರೋಕ್ ಎಂಜಿನ್. ಒಳಗೆ ಬೇರೆ ಆಯಿಲ್ ಇಲ್ಲ, ಪೆಟ್ರೋಲ್ ಜೊತೆ ಹೋಗೋ ಆಯಿಲೇ ಪಿಸ್ಟನ್ ಕಾಯಬೇಕು. 50:1 ಅಂದರೆ ಒಂದು ಲೀಟರ್ ಪೆಟ್ರೋಲಿಗೆ 20 ಎಂಎಲ್. 25:1 ಅಂದರೆ 40 ಎಂಎಲ್. ಯಾವುದು ಅನ್ನೋದನ್ನ ನಿಮ್ಮ ಮಷೀನ್‌ನ ಪುಸ್ತಕ ನೋಡಿ ಹಾಕಿ. ಅಂದಾಜಿಗೆ ಬಾಟಲಿ ಮುಚ್ಚಳದ ಲೆಕ್ಕ ಬೇಡ. ನಾನು ದನಕ್ಕೆ ಔಷಧಿ ಕೊಡೋ ಥರದ ದೊಡ್ಡ ಸಿರಿಂಜ್ ಒಂದನ್ನ ಇದಕ್ಕೇ ಅಂತ ಇಟ್ಟಿದ್ದೀನಿ. ಬೆರೆಸಿದ ಕ್ಯಾನಿಗೆ ಕೆಂಪು ಟೇಪ್ ಸುತ್ತಿ, ಮೇಲೆ ತಾರೀಖು ಬರೆಯಿರಿ.

ಈಗ ಬಂಕಲ್ಲಿ ಸಿಗೋದು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ನೀರಿನಂಶ ಹೀರಿಕೊಳ್ಳುತ್ತೆ. ಮಲೆನಾಡಿನ ಮಳೆಗಾಲದಲ್ಲಿ ಕೇಳಬೇಕೆ? ತಿಂಗಳುಗಟ್ಟಲೆ ಟ್ಯಾಂಕಲ್ಲಿ ಬಿಟ್ಟರೆ ಕಾರ್ಬುರೇಟರ್‌ನ ರಬ್ಬರ್ ಪದರ ಹಾಳು. ಒಂದು ವಾರಕ್ಕೆ ಬೇಕಾದಷ್ಟೇ ಬೆರೆಸಿ. ಹದಿನೈದು ದಿನಕ್ಕಿಂತ ಹೆಚ್ಚು ಕೆಲಸ ಇಲ್ಲ ಅಂದರೆ ಟ್ಯಾಂಕ್ ಖಾಲಿ ಮಾಡಿ, ಸ್ಟಾರ್ಟ್ ಮಾಡಿ, ತಾನೇ ನಿಲ್ಲೋವರೆಗೆ ಓಡಿಸಿ ಒಣಗಿದ ಜಾಗದಲ್ಲಿಡಿ.

ಬಾರ್ ಆಯಿಲಿಗೆ ಟ್ರ್ಯಾಕ್ಟರ್‌ನಿಂದ ತೆಗೆದ ಕರಿ ಆಯಿಲ್ ಹಾಕೋ ಅಭ್ಯಾಸ ಎಲ್ಲ ಕಡೆ ಇದೆ. ದಯವಿಟ್ಟು ಬಿಡಿ. ಅದರಲ್ಲಿರೋ ಲೋಹದ ಪುಡಿ ಪಂಪನ್ನ ತಿನ್ನುತ್ತೆ, ಅದು ಒಂದು. ಚೈನಿಗೆ ಹಾಕಿದ ಆಯಿಲ್ ಟ್ಯಾಂಕಿಗೆ ವಾಪಸ್ ಬರಲ್ಲ, ಪೂರ್ತಿ ನಿಮ್ಮ ಮಣ್ಣಿಗೆ ಸಿಡಿಯುತ್ತೆ, ಅದು ಎರಡು. ಜೀವಾಮೃತ ಹಾಕೋ ನೆಲಕ್ಕೆ ಕರಿ ಆಯಿಲ್ ಚಿಮುಕಿಸೋದು ಯಾವ ನ್ಯಾಯ? ನಾನು ತೋಟದೊಳಗೆ ಕೆಲಸ ಇರೋ ದಿನ ಸೂರ್ಯಕಾಂತಿ ಎಣ್ಣೆ ಹಾಕ್ತೀನಿ. ಒಂದೇ ಎಚ್ಚರ: ಅಡುಗೆ ಎಣ್ಣೆ ನಿಂತರೆ ಅಂಟಾಗುತ್ತೆ. ಕೆಲಸದ ವಾರ ಮುಗಿದ ಮೇಲೆ ಅದನ್ನ ಚೆಲ್ಲದೆ ಬಸಿದಿಟ್ಟು, ಸ್ವಲ್ಪ ಬಾರ್ ಆಯಿಲ್ ಹಾಕಿ ಎರಡು ನಿಮಿಷ ಓಡಿಸಿಯೇ ಒಳಗಿಡಬೇಕು.

ಅರ ಹಿಡಿಯೋದು ಕಲೀರಿ

"ಮಷೀನ್ ಎಳೀತಿಲ್ಲ" ಅಂತ ನನ್ನ ಹತ್ರ ತರೋ ಹತ್ತರಲ್ಲಿ ಏಳಕ್ಕೆ ಎಂಜಿನ್ ಚೆನ್ನಾಗೇ ಇರುತ್ತೆ. ಚೈನ್ ಮೊಂಡಾಗಿರುತ್ತೆ. ಗುರುತು ಸುಲಭ: ಹರಿತ ಇದ್ದರೆ ಅವಲಕ್ಕಿ ಥರ ಚಕ್ಕೆ ಬೀಳುತ್ತೆ, ಮೊಂಡಾದರೆ ರಾಗಿಹಿಟ್ಟಿನ ಥರ ಹುಡಿ. ಒತ್ತಿ ಕುಯ್ಯಬೇಕಾಗಿ ಬಂದರೆ ನಿಲ್ಲಿಸಿ. ಬಾರ್ ಒಂದು ಪಕ್ಕಕ್ಕೇ ಎಳೆದರೆ ಆ ಕಡೆಯ ಹಲ್ಲಿಗೂ ಈ ಕಡೆಯ ಹಲ್ಲಿಗೂ ಉದ್ದದಲ್ಲಿ ವ್ಯತ್ಯಾಸ ಬಂದಿದೆ ಅಂತ.

ಪ್ರತಿ ಚೈನಿಗೂ ಅದರದ್ದೇ ದುಂಡು ಅರ. ಸಣ್ಣ ಮಷೀನ್‌ಗಳ 3/8 ಲೋ ಪ್ರೊಫೈಲ್ ಚೈನಿಗೆ 4 ಮಿ.ಮೀ., .325 ಚೈನಿಗೆ 4.8 ಮಿ.ಮೀ., ದೊಡ್ಡ 3/8ಕ್ಕೆ 5.2 ಮಿ.ಮೀ. ಹೊಸ ಚೈನ್ ತರೋವಾಗಲೂ ಪಿಚ್, ಗೇಜ್, ಡ್ರೈವ್ ಲಿಂಕ್ ಎಣಿಕೆ ಮೂರೂ ಬೇಕು. ಬಾರಿನ ಬುಡದಲ್ಲಿ ಹೆಚ್ಚಾಗಿ ಕೆತ್ತಿರುತ್ತೆ, ಒಂದು ಫೋಟೋ ತೆಗೆದು ಫೋನಲ್ಲಿಟ್ಟುಕೊಳ್ಳಿ.

ಮೊದಲ ಹಲ್ಲಿಗೆ ಮಾರ್ಕರ್‌ನಿಂದ ಗುರುತು ಹಾಕಿ. ಕೈಗೆ ಗ್ಲೌಸ್ ಇರಲಿ. ಒಳಗಿಂದ ಹೊರಗೆ ಮಾತ್ರ ತಳ್ಳಿ, ವಾಪಸ್ ಎಳೆಯೋವಾಗ ಅರ ಎತ್ತಿ. ಹಲ್ಲಿನ ಮೇಲೇ ಗೆರೆ ಇರುತ್ತೆ, ಹೆಚ್ಚಿನ ಚೈನ್‌ಗಳಿಗೆ 30 ಡಿಗ್ರಿ ಓರೆ. ಎಲ್ಲ ಹಲ್ಲಿಗೂ ಒಂದೇ ಲೆಕ್ಕ, ಮೂರು ಅಂದರೆ ಮೂರೇ ಸಲ. ನಾಲ್ಕೈದು ಸಲ ಸಾಣೆ ಹಿಡಿದ ಮೇಲೆ ಹಲ್ಲಿನ ಮುಂದಿರೋ ಗುಬ್ಬಿಯನ್ನ ಚಪ್ಪಟೆ ಅರದಿಂದ ಇಳಿಸಬೇಕು, ಹಲ್ಲಿಗಿಂತ ಸುಮಾರು 0.65 ಮಿ.ಮೀ. ಕೆಳಗಿರಬೇಕು. ಗೇಜ್ ಇಲ್ಲದೆ ಅಂದಾಜಿಗೆ ಇಳಿಸಬೇಡಿ, ಜಾಸ್ತಿ ಇಳಿದರೆ ಮಷೀನ್ ಒದೆಯುತ್ತೆ. ಹಲ್ಲು 4 ಮಿ.ಮೀ.ಗೆ ಬಂದರೆ ಚೈನ್ ಮುಗೀತು.

ಎರಡು ಚೈನ್ ಇಟ್ಟುಕೊಳ್ಳಿ. ಬೆಳಗ್ಗೆ ಒಂದು, ಕಲ್ಲಿಗೋ ತಂತಿಗೋ ತಾಗಿದರೆ ಇನ್ನೊಂದು. ಸಾಣೆ ಸಂಜೆ ಜಗಲಿಯಲ್ಲಿ ಕೂತು.

ಸಂಜೆಯ ಹತ್ತು ನಿಮಿಷ

ಏರ್ ಫಿಲ್ಟರ್ ತೆಗೆದು ಬ್ರಷ್ ಮಾಡಿ. ಬಾರ್ ಬಿಚ್ಚಿ ಗಾಡಿಯ ಹುಡಿ ಕೆರೆದು, ಆಯಿಲ್ ತೂತು ಕಡ್ಡಿಯಿಂದ ಬಿಡಿಸಿ. ಬಾರನ್ನ ಆಗಾಗ ಮೇಲೆಕೆಳಗೆ ತಿರುಗಿಸಿ ಹಾಕಿದರೆ ಎರಡೂ ಅಂಚು ಸಮ ಸವೆಯುತ್ತೆ. ಎಂಜಿನ್‌ನ ರೆಕ್ಕೆಗಳ ನಡುವೆ ಹುಡಿ ತುಂಬಿದರೆ ಬಿಸಿ ಹೊರಗೆ ಹೋಗಲ್ಲ, ಅದನ್ನೂ ತೆಗೆಯಿರಿ. ಚೈನ್ ಕೆಳಗೆ ಜೋಲಬಾರದು, ಆದರೆ ಕೈಯಲ್ಲಿ ಎಳೆದರೆ ಸಲೀಸಾಗಿ ಸರೀಬೇಕು. ಬಿಸಿ ಇದ್ದಾಗ ಬಿಗಿ ಮಾಡಿದ್ದರೆ ಕೆಲಸ ಮುಗಿದ ತಕ್ಷಣ ಸಡಿಲಿಸಿ. ತಣಿದಾಗ ಚೈನ್ ಕುಗ್ಗಿ ಕ್ರ್ಯಾಂಕ್ ಮೇಲೆ ಭಾರ ಬೀಳುತ್ತೆ. ಕಾರ್ಬುರೇಟರ್ ಸ್ಕ್ರೂಗಳನ್ನ ಯೂಟ್ಯೂಬ್ ನೋಡಿ ತಿರುಗಿಸಬೇಡಿ. ಪೆಟ್ರೋಲ್ ಕಮ್ಮಿ ಹೋಗೋ ಹಾಗಾದರೆ ಸದ್ದು ಜೋರಾಗುತ್ತೆ, ಪಿಸ್ಟನ್ ಸುಡುತ್ತೆ.

ಮೈಗೆ ಹಾಕೋದು ಮಷೀನ್ ಬೆಲೆಯಲ್ಲೇ ಸೇರಲಿ

20 ಸಾವಿರ ಬಜೆಟ್ ಇದ್ದರೆ 15 ಸಾವಿರದ ಮಷೀನ್ ನೋಡಿ, ಉಳಿದಿದ್ದರಲ್ಲಿ ಹೆಲ್ಮೆಟ್, ಮುಖದ ಜಾಲರಿ, ಕಿವಿಮುಚ್ಚಳ, ಗಟ್ಟಿ ಬೂಟು, ತೊಡೆಗೆ ಕಟ್ಟೋ ಚಾಪ್ಸ್ ತಗೊಳ್ಳಿ. ಚಾಪ್ಸ್ ಒಳಗಿನ ನೂಲು ಚೈನಿಗೆ ಸುತ್ತಿಕೊಂಡು ಸ್ಪ್ರಾಕೆಟ್ ಕಟ್ಟಿಹಾಕುತ್ತೆ. ಪೂರ್ತಿ ವೇಗದಲ್ಲಿ ಚೈನ್ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತೆ. ನಿಮ್ಮ ಪಂಚೆ, ಬರ್ಮುಡಾ ಅದನ್ನ ತಡೆಯಲ್ಲ.

ಸ್ಟಾರ್ಟ್ ಮಾಡೋದು ನೆಲದ ಮೇಲಿಟ್ಟು, ಹಿಂದಿನ ಹಿಡಿಕೆಯಲ್ಲಿ ಕಾಲಿಟ್ಟು. ಎಡಗೈ ಹೆಬ್ಬೆರಳು ಮುಂದಿನ ಹಿಡಿಕೆಯನ್ನ ಸುತ್ತಿ ಹಿಡಿದಿರಲಿ. ಭುಜಕ್ಕಿಂತ ಮೇಲೆ ಕುಯ್ಯಬೇಡಿ, ಏಣಿ ಮೇಲೆ ನಿಂತು ಕುಯ್ಯಬೇಡಿ, ಒಬ್ಬರೇ ಹೋಗಬೇಡಿ.

ಮರಕ್ಕೆ ಬಾರ್ ಇಡೋ ಮೊದಲು ಕಾನೂನೂ ನೆನಪಿರಲಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದಲೂ ಇದೆ. ಸಿಲ್ವರ್, ನೀಲಗಿರಿ, ಗಾಳಿ ಮರದಂಥ ಕೆಲವಕ್ಕೆ ಕಡಿಯೋ ಅನುಮತಿಯಿಂದ ವಿನಾಯಿತಿ ಇದೆ, ಹೊನ್ನೆ, ಬೀಟೆ, ಸಾಗುವಾನಿಗೆ ಇಲ್ಲ. ನಿಮ್ಮ ಹಿಡುವಳಿಯಲ್ಲೇ ಇದ್ದರೂ ವಲಯ ಅರಣ್ಯ ಕಚೇರಿಯಲ್ಲಿ ಕೇಳಿಯೇ ಕೈ ಹಾಕಿ. ಸೊಪ್ಪಿನ ಬೆಟ್ಟದ ಮರ ನಿಮ್ಮದಲ್ಲ.

ಮೂರು ಮನೆಗೆ ಒಂದು

ಕೊನೆಗೆ ನಾನು ಹೇಳೋದಿಷ್ಟು. ವರ್ಷಕ್ಕೆ 23 ದಿನ ಓಡೋ ಮಷೀನ್ ಪ್ರತಿ ಮನೆಗೂ ಬೇಕಿಲ್ಲ. ನಮ್ಮಲ್ಲಿ ಈಗ ಮೂರು ಮನೆ ಸೇರಿ ಒಂದು ಒಳ್ಳೆ 45 ಸಿಸಿ ಇಟ್ಟಿದ್ದೇವೆ, ಎರಡು ಜೊತೆ ಹೆಲ್ಮೆಟ್, ಚಾಪ್ಸ್ ಸಮೇತ. ನಿಯಮ ಎರಡೇ. ಪೆಟ್ರೋಲ್ ಬೆರೆಸೋದು ಒಬ್ಬರೇ. ಬ್ರೇಕ್ ಹಿಡೀದಿದ್ದರೆ ಅವತ್ತು ಯಾರಿಗೂ ಇಲ್ಲ, ಮರ ರಸ್ತೆಗೆ ಬಿದ್ದಿದ್ದರೂ ಸರಿ.

ಪೆಟ್ರೋಲ್ ಬೆರೆಸೋನು ಚಿಕ್ಕಪ್ಪನ ಮಗನೇ. ಮಷೀನ್ ಕೈಗೆ ಕೊಡೋ ಮೊದಲು ಅವನು ಪ್ರತಿ ಸಲ ಬ್ರೇಕ್ ಟಕ್ ಅಂತ ತಳ್ಳಿ ನೋಡ್ತಾನೆ. ನನ್ನ ಕೈಗೆ ಕೊಡೋವಾಗಲೂ.

ನಿಮ್ಮ ಮನೆಯಲ್ಲಿ ಈಗಾಗಲೇ ಮಷೀನ್ ಇದ್ದರೆ, ಇವತ್ತು ಸಂಜೆ ಕೊಟ್ಟಿಗೆಯಿಂದ ತೆಗೆದು ಆ ಒಂದು ಕೆಲಸ ಮಾಡಿ. ಹಿಡೀದಿದ್ದರೆ, ಮುಂದಿನ ಸಲ ಪೇಟೆಗೆ ಹೋದಾಗ ಅನ್ನಬೇಡಿ. ನಾಳೆಯೇ ಹೋಗಿ.